ಹೆಸರಿಡದ ಕೂಸು

ಲೋಕಾಪುರ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದ ಬೆಂಚಿನ ಅಣ್ಣ-ತಂಗಿಯ ಮಾತಿಗೆ ವತ್ಸಲಾಬಾಯಿ ಕಿವಿಗೊಟ್ಟರು.

“ಲಗಮಣ್ಣಾ, ಹಾರ್ಟ್ ಆಪರೇಷನ್ ಮುಗಿಯೂತನಕ ನಿನ್ನ ಕೂಸಿಗೆ ಹೆಸರಿಡಬ್ಯಾಡ ಅಂದಾಳ ಅವ್ವ. ಹೆಸರಿಟ್ಟ ಕೂಸು ಹ್ವಾದ್ರ ಮರಿಯಾಕ ಆಗಂಗಿಲ್ಲಂತ.”

“ಹೆಸರಿರಲಿಲ್ಲಂದ್ರ ಪಾಸ್‌ಪೋರ್ಟ್ ಸಿಗಂಗಿಲ್ಲ ಸೋಮವ್ವ. ಸಿಂಗಾಪುರದ ಡಾಕ್ಟರು ಲಗೂನ ಬರ್ರಿ ಅಂದಾರ. ಬನಹಟ್ಟಿ ಮಂದಿ ಮಗ್ಗ ನಿಲ್ಲಿಸಿ ಚಂದಾ ಎತ್ತಾಕತ್ತಾರ. ಯಾರ ಹೆಸರಲೇ ಕೇಳ್ಲಿ ಅವರು?”

“ಸೋದರತ್ತಿ ನಾನು. ನಾ ಹೆಸರು ಕರದು ಏನರ ಆದ್ರ?”

“ನೀ ಕರೀಲಿಲ್ಲಂದ್ರ ಹೆಸರಿಲ್ಲದನ ಹೋಗತೈತಿ.”

ಬಸ್ಸು ಬಂತು. ಸೋಮವ್ವ ಅಣ್ಣನ ಫೋನು ಕಸಿದುಕೊಂಡು ಅತ್ತಿಗೆಗೆ ಹಚ್ಚಿದಳು.

“ವೈನಿ, ಕೂಸಿನ ಕಿವಿಗೆ ಹಿಡಿ. ಕುರ್‍ರ್… ಬೀರವ್ವ!”

ಕೂಸಿನ ಕಿವಿಯಲ್ಲಿ ‘ಕುರ್‍ರ್’ ಎಂದು ಹೆಸರು ಕರೆದ ಅತ್ತೆಯ ಬೆನ್ನಿಗೆ ಗುದ್ದು ಬೀಳುವುದು ನಾಮಕರಣದ ರೂಢಿ. ಲಗಮಣ್ಣ ಮುಷ್ಟಿಯೆತ್ತಿದ್ದನ್ನು ವತ್ಸಲಾಬಾಯಿ ಕಂಡರು. ಬೆನ್ನು ಮುಟ್ಟುವಷ್ಟರಲ್ಲಿ ಅದು ಬಿಚ್ಚಿಕೊಂಡಿತ್ತು. ಆ ಕೈ ತಂಗಿಯ ಬೆನ್ನ ಮೇಲಿರುವಂತೆಯೇ ಇಬ್ಬರೂ ಬಸ್ ಹತ್ತಿದರು.