ಮೂರನೇ ಬೋಲ್ಟು

…ತಂದಿರೋ ಗ್ಯಾಸ್ಕೆಟ್ ಆ ಬೆಂಚಿನ ಮೇಲಿಟ್ಟು ಇಲ್ಲಿ ಬಾ. ಬಗ್ಗಿ ಮೂಸು. ಬಂತಾ? ಸೀದ ಸಕ್ಕರೆ ವಾಸನೆ. ಥೂ, ಬೆಳಗ್ಗೆಯಿಂದ ಇದನ್ನೇ ಮೂಸಿ ಮೂಸಿ ಹೊಟ್ಟೆ ತೊಳಸ್ತಿದೆ ನಂಗೆ. ಟೀ ಕೂಡ ಒಳಗೆ ಇಳೀಲಿಲ್ಲ.

ಮೂಗು ಮುಚ್ಕೋಬೇಡ, ಮಗಳೇ. ಮೆಕ್ಯಾನಿಕ್ ಆಗ್ತೀನಿ ಅಂತ ಹಟ ಹಿಡಿದವಳು ನೀನೇ.

ಈ ಕಾರಿನ ನರ್ಸಮ್ಮ ಒಂದು ತಿಂಗಳಿಂದ ರೇಡಿಯೇಟರಿಗೆ ಕೂಲಂಟ್ ಸುರೀತಾನೇ ಇದಾಳೆ. ಸುರಿದಿದ್ದು ಎಲ್ಲಿಗೆ ಹೋಗುತ್ತೆ? ಕಾರಿನ ಅಡಿಗೆ ರಟ್ಟು ಹಾಸಿ ಬಿಟ್ಟಿದ್ದೆ, ಒಂದು ಹನಿ ಬಿದ್ದಿಲ್ಲ. ಎಂಜಿನ್ ಒಳಗೆ ಸೇರ್ತಿದೆಯೇನೋ ಅಂತ ಆಯಿಲ್ ನೋಡ್ದೆ. ಸೇರಿದ್ರೆ ಮಜ್ಜಿಗೆ ಥರ ಆಗಿರ್ಬೇಕಿತ್ತು. ಆಗಿಲ್ಲ. ಸ್ಟಾರ್ಟ್ ಮಾಡಿ ಕಾಯಿಸಿದೆ, ಹೊಗೆನೂ ಬೆಳ್ಳಗಿಲ್ಲ. ಆಮೇಲೆ ಆರೋಕೆ ಬಿಟ್ಟು ರೇಡಿಯೇಟರಿಗೆ ಗಾಳಿ ಒತ್ತಿದೆ ನೋಡು, ಗೇಜಿನ ಮುಳ್ಳು ಮೆಲ್ಲಗೆ ಇಳೀತು, ಅಂದ್ರೆ ಎಲ್ಲೋ ಸೋರ್ತಿದೆ. ಕನ್ನಡಿ ತೂರಿಸಿ ನೋಡಿದ್ರೆ ಎಂಜಿನ್ ಹಿಂದೆ, ಥರ್ಮೋಸ್ಟಾಟ್ ಕೂರೋ ಡಬ್ಬಿ ಸುತ್ತ ಹಸಿರು ಕೀವು ಕಟ್ಟಿದೆ. ಅಸಹ್ಯ. ಗಾಡಿ ಓಡುವಾಗ ಅಲ್ಲಿ ಜಿನುಗುತ್ತೆ, ಕೆಳಗಿನ ಕಾದ ಪೈಪಿನ ಮೇಲೆ ಬೀಳುತ್ತೆ, ಬಿದ್ದಲ್ಲೇ ಆವಿ. ನೆಲಕ್ಕೆ ಬರೋಕೆ ಉಳಿಯೋದೇನು, ಮಣ್ಣು.

ಆ ಡಬ್ಬಿಗೆ ಮೂರು ಬೋಲ್ಟು. ಎರಡು ಕಣ್ಣಿಗೆ ಕಾಣುತ್ತೆ. ಮೂರನೇದು ಹಿಂದುಗಡೆ, ಕೈ ತೂರಿಸಿ ಬೆರಳಲ್ಲೇ ಹುಡುಕಿ ಕೂರಿಸ್ಬೇಕು. ಅದೇ ಸಡಿಲ. ಸಡಿಲ ಅಂದ್ರೆ, ಸ್ಪಾನರೇ ಬೇಡ, ಉಗುರಲ್ಲಿ ತಿರುಗುತ್ತೆ. ಯಾವನೋ ಮನೆಹಾಳ ಎರಡು ಬಿಗಿ ಮಾಡಿ, ಮೂರನೇದರ ಭಾರ ದೇವರ ಮೇಲೆ ಹಾಕಿ ಹೋಗಿದಾನೆ.

ಯಾವನು ಅಂದ್ರೆ? ನಂಗೇನು ಗೊತ್ತು. ಆ ಗಾಜಿನ ಬಾಗಿಲಿನ ಗ್ಯಾರೇಜಿನವನೇ ಇರ್ಬೇಕು. ಬಿಳಿ ಅಂಗಿ ಹಾಕ್ಕೊಂಡು ಕೆಲಸ ಮಾಡೋನು ಕೆಲಸ ಮಾಡೋನಾ? ಕೇಳಿದ್ರೆ ಗಾಡಿ ಹಳೇದು ಅಂತಾನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನಮ್ಮಲ್ಲಿ ಹಾಗಾ? ಬಿಗಿ ಆದ ಪ್ರತಿ ಬೋಲ್ಟಿಗೂ ಕೆಂಪು ಗೀಟು ಬೀಳ್ಬೇಕು. ಊರಲ್ಲಿ ಇನ್ಯಾವನು ಎಳೀತಾನೆ ಹೇಳು. ನೀನು ಸ್ಕೂಲಲ್ಲಿದ್ದಾಗ ನಿನ್ನ ನೇಲ್ ಪಾಲಿಶ್ ಕದ್ದು ಶುರು ಮಾಡಿದ್ದು. ಮೂರು ದಿನ ಮಾತು ಬಿಟ್ಟಿದ್ದೆ ನನ್ನ ಹತ್ರ.

ಯಾಕೆ ನಗ್ತಿಲ್ಲ? ಮೊದಲೆಲ್ಲ ಈ ಮಾತಿಗೆ ನಗ್ತಿದ್ದೆ.

ಹೋದ ವಾರ ಏರು ರಸ್ತೇಲಿ ಕುದ್ದು ನಿಂತುಬಿಡ್ತಂತೆ ಈ ಕಾರು. ಹಿಂದಿನ ಸೀಟಲ್ಲಿ ತುಂಬು ಬಸುರಿ. ಅಲ್ಲೇ ರಸ್ತೆ ಬದೀಲಿ ಹೆರಿಗೆ. ಮಗು ನೀಲಿಗಟ್ಟಿತ್ತಂತೆ, ನರ್ಸಮ್ಮ ತಟ್ಟಿ ತಟ್ಟಿ ಉಸಿರು ಬರಿಸಿದಳಂತೆ. ಬದುಕಿದೆ, ಬದುಕಿದೆ… ಇಷ್ಟೆಲ್ಲ ಆದ ಮೇಲೂ ಆ ಹೆಂಗಸು ನನ್ನೇ ಹುಡುಕ್ಕೊಂಡು ಬಂದು ಏನಂದ್ಲು ಗೊತ್ತಾ? ನಿಮ್ಮ ಕೈಗುಣ ದೊಡ್ಡದು, ನೀವು ಮುಟ್ಟಿದ್ರೆ ಸರಿಹೋಗುತ್ತೆ, ಅಂದ್ಲು. ನಾಲ್ಕು ಗಂಟೆಗೆ ಬರ್ತಾಳೆ.

ಏ, ಆ ಬಟ್ಟೆ ಮುಟ್ಟಬೇಡ. ಡಬ್ಬಿ ಮೇಲೆ ಹಾಕಿದೀನಿ, ಬಿಸಿ ಇದೆ ಅಂತ. ಅಂಗೈ ಯಾಕೆ ಇಟ್ಟೆ? ಸರಿ, ತಣ್ಣಗಾಗಿರ್ಬೋದು. ಈಗ ಆಗಿರ್ಬೋದು. ಆದ್ರೂ ತೆಗೀಬೇಡ, ಗಲೀಜು…

ತೆಗೆದ್ಯಾ.

ಹೂಂ. ಕೆಂಪು ಗೀಟು.

ಎರಡರ ಮೇಲೂ ಇದೆ. ಹಿಂದಿನದರ ಮೇಲೂ ಇದೆ, ಕನ್ನಡಿ ಹುಡುಕಬೇಡ. ಮಳೆಗಾಲಕ್ಕೆ ಮುಂಚೆ, ನೀನು ನಿಮ್ಮಕ್ಕನ ಮನೇಲಿದ್ದಾಗ ನಾನೇ ಮಾಡಿದ ಕೆಲಸ. ಏನೋ ಅವಸರದಲ್ಲಿ… ಅವಸರ ಯಾರಿಗಿರಲ್ಲ? ಒಂದು ಬೋಲ್ಟಿಗೆ ನನ್ನ ಮೂಲೆಗೆ ಕೂರಿಸ್ತೀರಾ? ನೀನೂ ನಿಮ್ಮಮ್ಮನೂ ಅಡುಗೆಮನೇಲಿ ಗುಸುಗುಸು ಮಾತಾಡೋದು ನಂಗೆ ಕೇಳಿಸಲ್ಲ ಅಂದ್ಕೊಂಡ್ಯಾ? ಅಪ್ಪ ಇನ್ನು ಕುರ್ಚಿ ಮೇಲೆ ಕೂತು ಹೇಳಿದ್ರೆ ಸಾಕು, ಕೈ ಹಾಕೋದು ಬೇಡ, ಅಂತ. ಕಿವಿ ಚೆನ್ನಾಗಿದೆ ನಂದು. ಕಣ್ಣೂ ಚೆನ್ನಾಗಿದೆ.

ಮತ್ತೆ ಯಾಕೆ ಹಾಗೆ ನೋಡ್ತೀಯ? ಗೀಟು ಅಲ್ಲಿದೆ, ಅಲ್ಲಿ ನೋಡು. ನನ್ನ ಕೈ ಯಾಕೆ ನೋಡ್ತಿದೀಯ?

ಏನಿದೆ ಕೈಲಿ…

ಓ.

ಇದು ಯಾವಾಗ ಆಯ್ತು? ಬೊಬ್ಬೆ ಇಷ್ಟು ದಪ್ಪ ಬಂದಿದೆ. ಬೆಳಗ್ಗೆ ಗಾಡಿ ಕಾಯಿಸಿದಾಗ ಕೈ ತೂರಿಸಿದ್ದೆ, ಪೈಪಿಗೆ ತಗುಲಿರ್ಬೇಕು. ನೋವೇನಿಲ್ಲ. ಇಲ್ಲಮ್ಮ, ನಿಜವಾಗ್ಲೂ ನೋವಿಲ್ಲ, ಅದೇ…

ಏನಾದ್ರೂ ಬೈಯೇ.

ಬೇಸಿಗೆಯಿಂದ ಹೀಗೇ. ಮೊದಲು ತುದಿ ಜೋಮು ಹಿಡೀತು, ಸರಿಹೋಗುತ್ತೆ ಅಂದ್ಕೊಂಡೆ. ಈಗ ಐದೂ ಬೆರಳು ಬೇರೆಯವರದ್ದು. ಅವತ್ತು ಕೈ ತೂರಿಸಿದೆ, ಸ್ಪಾನರ್ ಕೂತಿತೋ ಇಲ್ವೋ ಗೊತ್ತಾಗ್ಲಿಲ್ಲ. ಗೊತ್ತಾಗ್ಲಿಲ್ಲ ಅನ್ನೋದು ಚೆನ್ನಾಗೇ ಗೊತ್ತಿತ್ತು ನಂಗೆ. ಆದ್ರೂ ಕನ್ನಡಿ ಹಿಡಿದು ಗೀಟು ಎಳೆದೆ. ಅದೇ ಹೇಸಿಗೆ. ಆ ಹಸಿರು ಕೀವಲ್ಲ, ಬೆಳಗ್ಗೆಯಿಂದ ವಾಕರಿಕೆ ಬರ್ತಿರೋದು ಅದಕ್ಕೆ. ಒಂದು ಮಗು ನೀಲಿಗಟ್ಟಿತ್ತು ಕಣೇ.

ತಗೋ ಸ್ಪಾನರು. ನರ್ಸಮ್ಮನಿಗೆ ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ. ಕೈ ತೂರಿಸು. ಇನ್ನೂ ಒಳಗೆ, ಎಡಕ್ಕೆ. ಸಿಕ್ತಾ?

ಹೇಗಿದೆ? ಅದೇ ಬೋಲ್ಟು, ಬೆರಳಿಗೆ ಹೇಗಿದೆ ಹೇಳು. ತಣ್ಣಗಿದ್ಯಾ?