ಹಳೇಬೀಡಲ್ಲಿ ನಿಶ್ಶಬ್ದ

ಬೆಳಗಿನ ಐದಕ್ಕೇ ಎದ್ದು ಎಂಟು ಜನಕ್ಕೆ ಬೇಯಿಸಿಟ್ಟು ಬಂದಿದ್ದ ಬಸುರಿ ರಮಾ, ಅರಸೀಕೆರೆಯ ಆಸ್ಪತ್ರೆಯೊಂದರಲ್ಲಿ ಸರದಿಗೆ ಕಾಯುತ್ತ ಕೂತಿದ್ದಳು. ಪಕ್ಕದಲ್ಲಿ ಏಳು ತಿಂಗಳ ಇನ್ನೊಬ್ಬ ಬಸುರಿ, ಅವಳ ಗಂಡ. ಅವರ ಮಾತಿಗೆ ರಮಾಳ ಕಿವಿ ತಾನಾಗಿ ವಾಲಿತು.

“ಸಿರಿ, ಮುಂದಿನ ವಾರ ಹಳೇಬೀಡಿಗೆ ಹೋಗೋಣ ಕಣೇ. ಕೆರೆ ಪಕ್ಕ ಮನೆ, ಚಳಿ, ನಿಶ್ಶಬ್ದ. ಡಾಕ್ಟರು ನಿಂಗೆ ರೆಸ್ಟ್ ಬೇಕು ಅಂದ್ರಲ್ಲ.”

“ನಾವಿಬ್ರೇನಾ?”

“ನಾವಿಬ್ರೇ. ಅಮ್ಮ ಬರ್ತಾರೆ. ಅಮ್ಮ ಬಂದ್ಮೇಲೆ ಚಿಕ್ಕಮ್ಮನ ಮನೆಯೋರನ್ನ ಬಿಡಕ್ಕಾಗುತ್ತಾ?”

“ಛೇ ಛೇ, ಪಾಪ, ಬಿಡಬಾರ್ದು. ಊಟಕ್ಕೆ ಹೋಟ್ಲಾ?”

“ಲಿಂಗಪೂಜೆ ಮಾಡೋ ಅಮ್ಮ ಹೋಟ್ಲಲ್ಲಿ ತಿಂತಾರೇನೇ? ಅದಕ್ಕೇ ಅಡುಗೆಮನೆ ಇರೋ ಕಡೆ ಹಿಡ್ದಿದೀನಿ.”

“ದೇವಸ್ಥಾನಾನಾದ್ರೂ ನೋಡ್ಬಹುದೋ?”

“ಏಳು ತಿಂಗಳಾದ ಬಸುರಿ ಗುಡಿಗೆ ಹೋಗ್ಬಾರ್ದಂತೆ. ನಾವು ನೋಡ್ಕೊಂಡ್ ಬರ್ತೀವಿ, ನೀನು ಮನೇಲಿ ಆರಾಮಾಗಿರು.”

“ಬಸುರಿ ತೆಂಗಿನಕಾಯಿನೂ ಒಡೀಬಾರ್ದು ಅಂತಾರೆ ಅತ್ತೆ.”

“ಹ್ಞೂಂ, ಅದೂ ಬೇಡ.”

“ಒಡೆದ ಕಾಯಿ ತುರಿದು ಚಟ್ನಿ ರುಬ್ಬೋಕೆ ಶಾಸ್ತ್ರದ ಅಡ್ಡಿಯಿಲ್ಲ, ಅಲ್ವಾ?”

ಅವನು ಫೋನು ತೆಗೆದು ನೋಡತೊಡಗಿದ. ರಮಾ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ರೀ, ಒಂದ್ ಕೆಲ್ಸ ಮಾಡಿ. ನೀವೆಲ್ಲ ಹೋಗ್ಬನ್ನಿ, ನಾನಿಲ್ಲೇ ಇರ್ತೀನಿ. ನೀವ್ಯಾರೂ ಇಲ್ದಿದ್ರೆ ನಮ್ಮನೆಯಷ್ಟು ನಿಶ್ಶಬ್ದ ಹಳೇಬೀಡಲ್ಲೂ ಸಿಗಲ್ಲ.”

ನರ್ಸ್ ಹೆಸರು ಕೂಗಿದಳು. ಸಿರಿ ಸೊಂಟ ಹಿಡಿದು ಎದ್ದು, ತಿರುಗಿ ನೋಡದೆ ಒಳಗೆ ನಡೆದಳು. ಗಂಡ ಫೈಲು ಎತ್ತಿಕೊಂಡು ಹಿಂದೆಯೇ ಓಡಿದ.

“ಅಲ್ವೇ ಸಿರಿ, ಮತ್ತೆ ಅಲ್ಲಿ ಅಡುಗೆ ಮಾಡೋರು ಯಾರೇ?”