ಎಲೆಯ ಲೆ, ಬಳೆಯ ಳೆ

ಒಂದು ಪೇಟೆಯಲ್ಲಿ ಪಾತ್ರೆ ಅಂಗಡಿಯ ಸಾಹುಕಾರನೊಬ್ಬ ಇದ್ದ. ಯಾವ ಪೇಟೆ ಅಂತ ಕೇಳಬೇಡಿ, ಸಾಹುಕಾರನ ಹೆಸರನ್ನೂ ಕೇಳಬೇಡಿ. ಹೇಳಿದರೆ ನಿಮ್ಮಲ್ಲೇ ಯಾರಾದರೂ, ‘ಬುದ್ಧಿಯೋರು ನನ್ನನ್ನೇ ಆಡಿಕೊಂಡರು’ ಅಂತ ಮುಖ ಊದಿಸಿಕೊಂಡು ಪ್ರಸಾದಕ್ಕೂ ನಿಲ್ಲದೆ ಎದ್ದು ಹೋಗುತ್ತೀರಿ. ಅವನ ಹೆಂಡತಿಯ ಹೆಸರನ್ನು ಮಾತ್ರ ಹೇಳುತ್ತೇನೆ. ಸರ್ವಮಂಗಳ. ಆ ತಾಯಿಯನ್ನು ನಾನು ಬಹಳ ಮೆಚ್ಚಿಕೊಂಡಿದ್ದೇನೆ. ನೀವೂ ಮೆಚ್ಚಬೇಕು ಅಂತಲೇ ಈ ಕಥೆ ತೆಗೆದಿದ್ದೇನೆ.

ನೋಡಿ, ಅವರ ನಡುಮನೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಮನೆಮಂದಿಗೆಲ್ಲ ಅದೊಂದೇ. ಅದರಲ್ಲಿ ವಿಡಿಯೊ ನೋಡುವ ಒಂದು ತಾಣ. ಅಜ್ಜಿಗೆ ಭಜನೆ, ಸೊಸೆ ಸರ್ವಮಂಗಳಳಿಗೆ ಹೊಲಿಗೆ ಕೆಲಸ, ಮಗಳು ಇಂಚರಳಿಗೆ ಶಾಲೆಯ ಪಾಠ, ಸಾಹುಕಾರನಿಗೆ ಮಧ್ಯಾಹ್ನದ ಊಟದ ಮೇಲೆ ಒಂದಿಷ್ಟು ಕಾಲಕ್ಷೇಪ, ಎಲ್ಲ ಅದರಲ್ಲೇ. ಒಬ್ಬೊಬ್ಬರಿಗೂ ಅವರವರ ಹೆಸರಿನ ಖಾತೆ. ನಿಮ್ಮ ಮನೆಯಲ್ಲೂ ಹಾಗೇ ಅಲ್ಲವೇ? ತಲೆ ಆಡಿಸುತ್ತಿದ್ದೀರಿ. ಹಿಂದಿನ ಸಾಲಿನವರು ಮೊಬೈಲ್ ನೋಡುತ್ತಿದ್ದಾರೆ, ಇರಲಿ, ಕಥೆ ಅವರ ಹತ್ತಿರಕ್ಕೂ ಬರುತ್ತದೆ.

ಒಂದು ದಿನ ಸಾಹುಕಾರನ ಅಂಗಡಿಗೆ ಬಂದ ಯಾರೋ, ಮಕ್ಕಳು ಈಗ ಏನೇನು ನೋಡಿ ಕೆಡುತ್ತಿದ್ದಾರೆ ಅಂತ ಹೇಳಿ ಅವನ ಎದೆ ನಡುಗಿಸಿ ಹೋದರು. ಮನೆಗೆ ಬಂದವನೇ ಮಗಳ ಖಾತೆಗೆ ಫಿಲ್ಟರ್ ಹಾಕಿದ. ಫಿಲ್ಟರ್ ಅಂದರೇನು? ಜರಡಿ. ಬೇಡದ್ದನ್ನು ತಡೆದು ಬೇಕಾದ್ದನ್ನು ಕೆಳಗೆ ಬಿಡುವ ಜರಡಿ. ತಪ್ಪು ಮಾಡಿದನೇ? ಖಂಡಿತ ಇಲ್ಲ. ಹಾಕಲೇಬೇಕು, ಹಾಕದವನೇ ತಪ್ಪಿತಸ್ಥ. ಮಗಳು ಯಾವ ಯಾವ ಪದ ಹುಡುಕಬಾರದು ಅಂತ ಒಂದೊಂದಾಗಿ ತುಂಬಿದ. ಅವನ ಕೀಲಿಮಣೆಯಲ್ಲಿ ಕನ್ನಡ ಎಲ್ಲಿಂದ ಬರಬೇಕು? ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ. ಕೊಲೆ ಅನ್ನುವುದಕ್ಕೆ ಕೆ, ಓ, ಎಲ್, ಇ. ಗಟ್ಟಿಯಾಗಿ ಬೀಗ ಜಡಿದ ಹಾಗೆ ಒಂದು ಪಿನ್ ಕೂಡ ಹಾಕಿದ.

“ಆ ಪಿನ್ ನಂಗೂ ಹೇಳ್ರಿ,” ಅಂದಳು ಸರ್ವಮಂಗಳ.

“ನಿಂಗ್ಯಾಕೆ? ಅವಳೇನಾದ್ರೂ ತಂಟೆ ಮಾಡಿದ್ರೆ ನನ್ನ ಫೋನಿಗೇ ಸುದ್ದಿ ಬರುತ್ತೆ.”

“ಮತ್ತೆ ನಿಮ್ಮ ಖಾತೆಗೆ?”

“ನಾನೇನು ಎಳೇ ಮಗುನಾ?” ಅಂತ ನಕ್ಕುಬಿಟ್ಟ. ಸರ್ವಮಂಗಳ ಸುಮ್ಮನಾದಳು. ಅವಳು ಸುಮ್ಮನಾದಳು ಅಂದರೆ ಒಪ್ಪಿದಳು ಅಂತಲ್ಲ, ತಾಯಂದಿರೇ, ಇದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಈಗ ಆ ಮನೆಯ ಅಜ್ಜಿಯ ವಿಷಯಕ್ಕೆ ಬನ್ನಿ. ಅಜ್ಜಿ ತವರಿನಿಂದ ತಂದ ಒಂದು ಜೊತೆ ಹಿತ್ತಾಳೆ ದೀಪದ ಕಂಬಗಳಿದ್ದವು. ಪ್ರತಿ ನವರಾತ್ರಿಗೂ ಅವಳೇ ಕೂತು ಉಜ್ಜಿ ಹೊಳೆಯಿಸುತ್ತಿದ್ದಳು. ಈ ವರ್ಷ ಕೈಗಂಟು ಊದಿಕೊಂಡು ಲೋಟ ಹಿಡಿಯುವುದೇ ಕಷ್ಟ. ಕಂಬಗಳು ಕಪ್ಪಾಗಿ ಅಟ್ಟದಲ್ಲಿ ಬಿದ್ದಿದ್ದವು. “ಬಿಡಮ್ಮಾ, ಅಂಗಡಿ ತುಂಬಾ ದೀಪ ಐತೆ, ಹೊಸದು ತರ್ತೀನಿ,” ಅಂದ ಮಗ. ಅಜ್ಜಿ ಹೂಂ ಅಂದಳು. ಆ ಹೂಂ ಹೇಗಿತ್ತು ಅನ್ನುವುದು ಮೊಮ್ಮಗಳಿಗೆ ಮಾತ್ರ ಕೇಳಿಸಿತು. ಇಂಚರ ಆ ಕಂಬಗಳನ್ನು ಗುಟ್ಟಾಗಿ ಇಳಿಸಿ, ಹಿತ್ತಲ ಬಚ್ಚಲುಮನೆಯಲ್ಲಿ ಬಚ್ಚಿಟ್ಟಳು. ಅಜ್ಜಿಗೆ ತಿಳಿಯದ ಹಾಗೆ ಫಳಫಳ ಅನ್ನಿಸಿ ಹಬ್ಬದ ದಿನ ಎದುರಿಗೆ ಇಡಬೇಕು. ಎಂಥ ಮಗು ನೋಡಿ! ಉಜ್ಜುವುದು ಹೇಗೆಂದು ತಿಳಿಯದೆ ಕಂಪ್ಯೂಟರ್ ಮುಂದೆ ಕೂತು, ದೀಪದ ಕೊಳೆ ತೆಗೆಯುವುದು ಹೇಗೆ ಅಂತ ಕುಟ್ಟತೊಡಗಿದಳು. ಕೊಳೆಗೆ ಇಂಗ್ಲಿಷ್ ಅಕ್ಷರದಲ್ಲಿ ಏನು ಬರೆಯುತ್ತಾರೆ? ಕೆ, ಓ, ಎಲ್, ಇ.

ಪರದೆ ತಡೆದುಬಿಟ್ಟಿತು. ‘ಈ ಪದಕ್ಕೆ ಅನುಮತಿ ಇಲ್ಲ.’ ಅಂಗಡಿಯಲ್ಲಿ ಸಾಹುಕಾರನ ಫೋನು ಗುಂಯ್ ಅಂದಿತು. ಮಗಳ ಹೆಸರು, ಕೆಳಗೆ ಆ ನಾಲ್ಕು ಅಕ್ಷರ. ಅವನು ಓದಿಕೊಂಡದ್ದೇನು? ಕೊಲೆ! ತೂಗುತ್ತಿದ್ದ ಹಂಡೆಯನ್ನು ತಕ್ಕಡಿಯಲ್ಲೇ ಬಿಟ್ಟು, ಗಿರಾಕಿಯನ್ನೂ ಬಿಟ್ಟು, ಮನೆಗೆ ಓಡಿಬಂದ. ಫೋನನ್ನು ಹೆಂಡತಿಗೆ ತೋರಿಸಿ ಮಗಳ ಕಡೆ ತಿರುಗಿದ.

“ಏನೇ ಹುಡುಕ್ತಿದ್ದೆ? ಬೊಗಳು!”

ಇಂಚರ ಮಂಚದ ಕಡೆ ಕಣ್ಣು ಹಾಯಿಸಿದಳು. ಅಲ್ಲೇ ಮಂಚದ ಮೇಲೆ ಅಜ್ಜಿ ಕೂತಿದ್ದಾಳೆ. ಬಾಯಿ ಬಿಟ್ಟರೆ ಗುಟ್ಟು ಹೋಯಿತಲ್ಲ! “ಅಜ್ಜಿ ಮುಂದೆ ಹೇಳಲ್ಲ,” ಅಂದಳು.

“ಅಜ್ಜಿ ಮುಂದೆ ಹೇಳಕ್ಕಾಗದಂಥದ್ದು ನೋಡ್ತೀಯಾ?” ಅವನ ಕೈ ಮೇಲೆದ್ದಿತು. ಅಜ್ಜಿ “ಲೋ, ಮಗೀನ ಮೇಲೆ ಕೈ ಎತ್ತಬ್ಯಾಡ” ಅಂತ ಕೂಗುವಷ್ಟರಲ್ಲಿ ಸರ್ವಮಂಗಳ ನಡುವೆ ಬಂದು ನಿಂತಿದ್ದಳು.

ಆ ತಾಯಿಯ ಎದೆಯಲ್ಲಿ ಆಗ ಇದ್ದ ಭಯ ಯಾವುದು ಗೊತ್ತೇ? ಮಗಳು ಏನು ನೋಡಿದಳೋ ಅನ್ನುವ ಭಯ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಮಗಳ ಮುಖ ನೋಡಿದಳು. ತುಟಿ ಬಿಗಿದಿದೆ, ಕಣ್ಣು ನೆಲದ ಮೇಲಿದೆ. ಇವತ್ತು ಹೆದರಿ ಮುಚ್ಚಿದ ಈ ಬಾಯಿ ನಾಳೆ ನಿಜವಾಗಿ ಕೆಟ್ಟದ್ದು ಕಣ್ಣಿಗೆ ಬಿದ್ದ ದಿನ ನನ್ನ ಹತ್ತಿರ ತೆರೆಯುತ್ತದೆಯೇ? ತೆರೆಯದಿದ್ದರೆ ಈ ಬೀಗ, ಈ ಪಿನ್, ಇವೆಲ್ಲ ಇದ್ದು ಏನು ಬಂತು? ಅವಳು ಗಂಡನಿಗೆ ಎದುರಾಡಲಿಲ್ಲ, ಮಗಳನ್ನು ಗದರಲೂ ಇಲ್ಲ. ಕೈಹಿಡಿದು ಅಡಿಗೆಮನೆಗೆ ಕರೆದುಕೊಂಡು ಹೋದಳು. ರೊಟ್ಟಿಗೆಂದು ಜರಡಿ ಹಿಡಿದ ಹಿಟ್ಟು ತಟ್ಟೆಯಲ್ಲಿತ್ತು.

“ಬಾಯಲ್ಲಿ ಹೇಳಬೇಡ. ಇದ್ರಲ್ಲಿ ಬರಿ,” ಅಂದಳು.

ಮಗು ಮೂಗೊರೆಸಿಕೊಂಡು ಹಿಟ್ಟಿನ ಮೇಲೆ ಬೆರಳಾಡಿಸಿತು. ಕೊ. ಆಮೇಲೆ ಳೆ.

“ಎಲೆ ಲೆ ಅಲ್ವಾ?” ತಾಯಿಯ ದನಿ ಸಣ್ಣಗಾಯಿತು.

“ಅಲ್ಲಮ್ಮಾ. ಬಳೆ ಳೆ. ಅಜ್ಜಿ ದೀಪದ್ದು.”

ಬಾಗಿಲಲ್ಲಿ ಸಾಹುಕಾರ ನಿಂತಿದ್ದ. ಅವನೂ ಓದಿದ. ಕೊಳೆ ತೊಳೆಯುವುದಕ್ಕೆ ಹೋದ ಮಗುವನ್ನು ಕೊಲೆಯ ಲೆಕ್ಕಕ್ಕೆ ಸೇರಿಸಿದ್ದನಲ್ಲ! ಪೆಚ್ಚಾದ. ಈಗಲೇ ಸರಿಮಾಡಬೇಕು ಅಂತ ಅವನಿಗೆ ಆತುರ. “ಬಾರವ್ವ, ನನ್ನ ಖಾತೇಲಿ ನೋಡಣ. ಅದ್ರಲ್ಲಿ ತಡೆ ಇಲ್ಲ,” ಅಂತ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವೇ ನಾಲ್ಕು ಅಕ್ಷರ ಕುಟ್ಟಿದ.

ಕುಟ್ಟಿದ್ದೇ ತಡ, ಪರದೆ ತುಂಬ ಕೊಲೆ. ಕತ್ತಿ, ರಕ್ತ, ಚೀಲದಲ್ಲಿ ಹೆಣ. ಒಂದೊಂದರ ಕೆಳಗೂ ‘ನೀವು ನೋಡಿದ್ದು’, ‘ಅರ್ಧಕ್ಕೆ ಬಿಟ್ಟದ್ದು’. ಆ ತಾಣಕ್ಕೆ ಅವನ ರುಚಿ ಗೊತ್ತಿತ್ತು. ದಿನವೂ ಊಟದ ಮೇಲೆ ಅವನ ಕಾಲಕ್ಷೇಪ ಇದೇ ಆಗಿತ್ತು ನೋಡಿ! ಸರ್ವಮಂಗಳ ಸರ್ರನೆ ಬಂದು ಪರದೆಯನ್ನು ಆರಿಸಿದಳು. ಆದರೆ ಮಗಳು ಕಂಡಿದ್ದಾಗಿತ್ತು. ಅವಳು ತಂದೆಯ ಮುಖ ನೋಡಿ ಕೇಳಿದಳು:

“ಅಪ್ಪಾ, ನಿಂದು ಎಲೆ ಲೆನಾ?”

ಸಾಹುಕಾರ ಆರಿದ ಪರದೆಯ ಕಡೆಗೆ ಮುಖ ತಿರುಗಿಸಿದ. ನೀವಾದರೂ ಏನು ಹೇಳುತ್ತಿದ್ದಿರಿ? ಇಲ್ಲಿ ಇನ್ನೊಬ್ಬಳಾಗಿದ್ದರೆ, ‘ನಾನು ಅವತ್ತೇ ಹೇಳಲಿಲ್ಲವಾ’ ಅಂತ ಶುರುಮಾಡಿ ದೀಪಾವಳಿಯವರೆಗೂ ನಿಲ್ಲಿಸುತ್ತಿರಲಿಲ್ಲ. ಸರ್ವಮಂಗಳ ಹಾಗೆ ಮಾಡಲಿಲ್ಲ. ಮಗಳ ಮುಂದೆ ಗಂಡನ ಮರ್ಯಾದೆ ಉಳಿಸಿ, ಮೆಲ್ಲಗೆ ಅಂದಳು:

“ರೀ, ಹಿಟ್ಟು ಜರಡಿ ಹಿಡಿಯೋವಾಗ ಮಗಳ ರೊಟ್ಟಿಗೆ ಒಂದು, ನಿಮ್ಮ ರೊಟ್ಟಿಗೆ ಒಂದು ಅಂತ ಹಿಡೀತೀನಾ? ಮನೆಗೆಲ್ಲ ಒಂದೇ ತಾನೆ? ಜರಡಿ ಮೇಲೆ ಉಳಿದಿದ್ದನ್ನೂ ಒಂದು ಸಲ ಕಣ್ಣಾಡಿಸೇ ಚೆಲ್ತೀನಿ. ಒಳ್ಳೇ ಕಾಳು ಹೋಗಬಾರದಲ್ಲ.”

ಎಂಥ ಮಾತು! ಯಾವ ಶಾಸ್ತ್ರದಲ್ಲಿ ಓದಿದ್ದಳು? ನಾನು ಇಷ್ಟು ವರ್ಷ ಪೀಠದ ಮೇಲೆ ಕೂತು ಹೇಳಿದ್ದನ್ನು ಆ ತಾಯಿ ಹಿಟ್ಟಿನ ಕೈಯಲ್ಲಿ ಹೇಳಿದಳು. ಸಾಹುಕಾರನನ್ನೂ ಮೆಚ್ಚಬೇಕಪ್ಪ, ಅವನು ಸಿಟ್ಟಾಗಲಿಲ್ಲ. ‘ನನ್ನ ಮನೆ, ನನ್ನ ಕಂಪ್ಯೂಟರ್’ ಅನ್ನಲಿಲ್ಲ. ಮಗಳ ಎದುರಿಗೇ ತನ್ನ ಖಾತೆಗೂ ಅದೇ ಫಿಲ್ಟರ್ ಹಾಕಿ, ಪಿನ್ ಹೆಂಡತಿಗೆ ಒಪ್ಪಿಸಿದ. “ತಪ್ಪಾಯ್ತು ಕಣವ್ವ,” ಅಂದ. ತಂದೆಯಾದವನು ಆ ಒಂದು ಮಾತು ಆಡುವುದಕ್ಕೆ ಎಷ್ಟು ದೊಡ್ಡ ಮನಸ್ಸು ಬೇಕು, ಗಂಡಸರು ನಿಮ್ಮನ್ನೇ ಕೇಳಿಕೊಳ್ಳಿ.

ಅವತ್ತಿನಿಂದ ಆ ಮನೆಯಲ್ಲಿ ಒಂದು ಪದ್ಧತಿ ಬಂತು. ಪರದೆ ಯಾರನ್ನು ತಡೆದರೂ ಸರಿ, ಅವರು ಸರ್ವಮಂಗಳಳನ್ನು ಕೂಗುತ್ತಾರೆ. ಅವಳು ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂರುತ್ತಾಳೆ, “ಎಲೆ ಲೆನೋ, ಬಳೆ ಳೆನೋ?” ಅಂತ ಕೇಳುತ್ತಾಳೆ. ಬಳೆಯ ಳೆ ಆದರೆ ತೆರೆದುಕೊಡುತ್ತಾಳೆ. ಎಲೆಯ ಲೆ ಆದರೆ ಯಾಕೆ ಬೇಡ ಅಂತ ಕೂತು ಹೇಳುತ್ತಾಳೆ. ಹಬ್ಬದ ದಿನ ದೀಪದ ಕಂಬಗಳು ಹೊಳೆದವು. ಅಜ್ಜಿ ಊದಿದ ಬೆರಳಿನಿಂದಲೇ ಅವನ್ನು ಸವರಿ ಸವರಿ ನೋಡಿ ಅತ್ತಳು. ಉಜ್ಜಿದ್ದು ಯಾರು? ಮಗಳ ಪಕ್ಕದಲ್ಲಿ ಕೂತು ಹುಣಸೆಹಣ್ಣು ಹಿಡಿದು ಉಜ್ಜಿದವನು ಪಾತ್ರೆ ಅಂಗಡಿಯ ಸಾಹುಕಾರ!

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸಾಹುಕಾರನನ್ನು ನೋಡಿ ನಕ್ಕಿರಿ. ಮನೆಗೆ ಹೋಗಿ ಫಿಲ್ಟರ್ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ನಿಮ್ಮ ಹೆಸರಿಗೆ ಹಾಕಿ, ಆಮೇಲೆ ಮಗುವಿನ ಹೆಸರಿಗೆ. ಹಾಕುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಂತ್ರಕ್ಕೆ ಅಕ್ಷರ ಗೊತ್ತು, ನಿಮ್ಮ ಮಗುವಿನ ಮನಸ್ಸು ಗೊತ್ತಿಲ್ಲ. ಅದನ್ನು ತಿಳಿಯುವ ಕೆಲಸ ನಿಮ್ಮದು. ತಡೆ ಬಿದ್ದ ದಿನ ಕೈ ಎತ್ತಬೇಡಿ, ಕೂಗಾಡಬೇಡಿ, ಏನು ಹುಡುಕಿದೆ ಅಂತ ಮೊದಲು ಕೇಳಿ, ಅದು ಹೇಳುವವರೆಗೂ ಕಾಯಿರಿ.

ಯಾಕೆಂದರೆ ಮಕ್ಕಳು ನಿಮ್ಮ ಪರದೆಯನ್ನು ಇವತ್ತಲ್ಲ ನಾಳೆ ನೋಡಿಯೇ ನೋಡುತ್ತಾರೆ. ನೋಡಿ, ನಿಮ್ಮ ಮುಖ ನೋಡಿ, ‘ಅಪ್ಪಾ, ನಿಂದು ಯಾವ ಲೆ?’ ಅಂತ ಕೇಳುತ್ತಾರೆ. ಅವರು ಕೇಳುವುದರೊಳಗೆ ಆ ಪರದೆಯ ಕೊಳೆ ತೆಗೆದಿಡಿ.